ಗಾಲಿ ಹೊಸದು, ಸ್ಟಡ್ ಹಳೆಯದು: ಅಲಾಯ್ ಗಾಲಿ ವ್ಯಾಪಾರದಲ್ಲಿ ಮರೆಯಬಾರದ ಅಳತೆಗಳು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಪಟ್ಟಣಗಳಲ್ಲಿ ವಾಹನಗಳ ಬಿಡಿಭಾಗ ಮಾರುವ ಅಂಗಡಿಗಳ ಸ್ವರೂಪವು ಕಳೆದ ಎರಡು ದಶಕಗಳಲ್ಲಿ ಬಹಳಷ್ಟು ಬದಲಾಗಿದೆ. ಹಿಂದೆ ಟ್ರ್ಯಾಕ್ಟರ್, ಜೀಪು ಹಾಗೂ ಲಾರಿಗಳ ಸಾಮಾನುಗಳೇ ಈ ಅಂಗಡಿಗಳ ಜೀವಾಳವಾಗಿದ್ದವು. ಇಂದು ಅವುಗಳ ಜೊತೆಗೆ ಕಾರಿನ ಅಲಂಕಾರ ಸಾಮಗ್ರಿಗಳೂ, ಅದರಲ್ಲಿಯೂ ವಿಶೇಷವಾಗಿ ಅಲಾಯ್ ಗಾಲಿಗಳೂ ಸ್ಥಾನ ಪಡೆದಿವೆ. ನಿಂಬೆಯಿಂದ ಹೆಸರಾದ ಇಂಡಿಯಲ್ಲಾಗಲಿ, ಕಲಬುರ್ಗಿಯ ದಾರಿಯಲ್ಲಿರುವ ಸಿಂದಗಿಯಲ್ಲಾಗಲಿ, ಆಲಮಟ್ಟಿ ಜಲಾಶಯಕ್ಕೆ ಹತ್ತಿರದ ಮುದ್ದೇಬಿಹಾಳ, ಬಾಗೇವಾಡಿಗಳಲ್ಲಾಗಲಿ ಕಾರು ಕೊಂಡ ಯುವಕರು ಮೊದಲು ಕೇಳುವುದು ಗಾಲಿಯ ಅಂದವನ್ನು. ಗಾಲಿಯ ಬಣ್ಣ, ವಿನ್ಯಾಸ ಮತ್ತು ಅಗಲಗಳ ಕುರಿತು ಗ್ರಾಹಕರು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಆದರೆ ಆ ಗಾಲಿಯನ್ನು ವಾಹನಕ್ಕೆ ಹಿಡಿದಿಡುವ ನಾಲ್ಕೈದು ಉಕ್ಕಿನ ಸ್ಟಡ್‌ಗಳ ಬಗೆಗೆ ಕೊಳ್ಳುವವರೂ ಮಾರುವವರೂ ವಿಚಾರಿಸುವುದು ಅಪರೂಪ.

ಈ ನಾಲ್ಕೂ ತಾಲೂಕುಗಳ ವಾಹನಗಳು ಎರಡು ಬಗೆಯ ರಸ್ತೆಗಳಲ್ಲಿ ಓಡಬೇಕಾಗಿದೆ. ಒಂದು ಕಡೆಗೆ ಸೊಲ್ಲಾಪುರದಿಂದ ಝಳಕಿಯ ಮೇಲೆ ವಿಜಯಪುರಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 52, ಮತ್ತೊಂದು ಕಡೆಗೆ ಜೇವರ್ಗಿ, ಸಿಂದಗಿ, ವಿಜಯಪುರ, ನಿಡಗುಂದಿಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 50. ಇವುಗಳ ಮೇಲೆ ವೇಗಕ್ಕೆ ಅಡ್ಡಿಯಿಲ್ಲ. ಹೆದ್ದಾರಿಯಿಂದ ಇಳಿದೊಡನೆ ಎರೆಭೂಮಿಯ ನಡುವಿನ ಹಳ್ಳಿಯ ದಾರಿಗಳು ಎದುರಾಗುತ್ತವೆ. ಮಳೆಗಾಲದಲ್ಲಿ ಅಂಟುವ ಮಣ್ಣು, ಬೇಸಿಗೆಯಲ್ಲಿ ಧೂಳು, ಕಬ್ಬಿನ ಹಂಗಾಮಿನಲ್ಲಿ ಭಾರದ ಟ್ರೇಲರ್‌ಗಳು ತುಳಿದು ಮಾಡಿದ ಕುಣಿಗಳು ಇಲ್ಲಿ ಸಾಮಾನ್ಯ. ಕುಣಿಯಲ್ಲಿ ಪೆಟ್ಟು ತಿಂದು ಸಡಿಲಾದ ಗಾಲಿಯು ಹೆದ್ದಾರಿಯ ವೇಗದಲ್ಲಿ ಕಳಚಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಅಲಾಯ್ ಗಾಲಿ ಅಥವಾ ಸ್ಪೇಸರ್ ಜೋಡಿಸುವಾಗ ಉದ್ದನೆಯ ಸ್ಟಡ್ ಬೇಕೇ, ಬೇಕಾದರೆ ಎಷ್ಟು ಉದ್ದ, ಯಾವ ದರ್ಜೆ ಎಂಬುದನ್ನು ಪ್ರತಿಯೊಬ್ಬ ವ್ಯಾಪಾರಿಯೂ ಕಾರಖಾನೆದಾರನೂ ತಿಳಿದಿರುವುದು ಅವಶ್ಯ.

ಗಾಲಿ ನಿಲ್ಲುವುದು ಹೇಗೆ?

ಗಾಲಿಯ ಭಾರವನ್ನು ಸ್ಟಡ್‌ಗಳು ಗೂಟದಂತೆ ಹೊತ್ತುಕೊಂಡಿವೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವವು ಬೇರೆ. ನಟ್ ಬಿಗಿದಾಗ ಸ್ಟಡ್ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಗ್ಗಿದ ಸ್ಟಡ್ ಸ್ಪ್ರಿಂಗಿನಂತೆ ಗಾಲಿಯನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಈ ಒತ್ತಡದಿಂದ ಗಾಲಿ ಮತ್ತು ಹಬ್ಬಿನ ಮುಖಗಳ ನಡುವೆ ಉಂಟಾಗುವ ಘರ್ಷಣೆಯೇ ಬ್ರೇಕು, ಎಳೆತ ಮತ್ತು ತಿರುವುಗಳ ಬಲವನ್ನು ತಡೆದುಕೊಳ್ಳುವುದು.

ಅಂಕಿಗಳಲ್ಲಿ ಹೇಳುವುದಾದರೆ, ನಮ್ಮಲ್ಲಿನ ಬಹುಪಾಲು ಕಾರುಗಳ ಸ್ಟಡ್ ಎಂ-12, ಎಂದರೆ 12 ಮಿ.ಮೀ. ವ್ಯಾಸದ್ದು. ಇದಕ್ಕೆ ಸುಮಾರು 100 ನ್ಯೂಟನ್-ಮೀಟರ್ ತಿರುಚು ಬಲ ಕೊಟ್ಟರೆ ಒಂದು ಸ್ಟಡ್ಡಿನಲ್ಲಿ ಸುಮಾರು 42 ಕಿಲೋನ್ಯೂಟನ್, ಅಂದರೆ 4.2 ಟನ್ನಿನಷ್ಟು ಎಳೆತ ಹುಟ್ಟುತ್ತದೆ. ನಾಲ್ಕು ಸ್ಟಡ್ ಕೂಡಿದರೆ ಗಾಲಿಯ ಮೇಲಿನ ಒತ್ತಡ ಸುಮಾರು 17 ಟನ್. ಈ ಒತ್ತಡ ಇರುವವರೆಗೆ ಗಾಲಿ ಅಲುಗದು. ಒತ್ತಡ ಕಡಿಮೆಯಾದರೆ ಗಾಲಿ ಕೂದಲೆಳೆಯಷ್ಟು ಅಡ್ಡಕ್ಕೆ ಸರಿಯಲಾರಂಭಿಸುತ್ತದೆ. ಹೀಗೆ ಅಡ್ಡ ಸರಿದಾಟಕ್ಕೆ ಸಿಕ್ಕಿದ ಜೋಡಣೆಯಲ್ಲಿ ನಟ್ಟು ತಾನಾಗಿಯೇ ತಿರುಗಿ ಸಡಿಲಾಗುತ್ತದೆಂಬುದನ್ನು ಜರ್ಮನಿಯ ತಂತ್ರಜ್ಞ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗಗಳ ಮೂಲಕ ತೋರಿಸಿಕೊಟ್ಟರು. ಫಾಸ್ಟನರ್ ಉದ್ಯಮವು ಇಂದಿಗೂ ಅವರ ಹೆಸರಿನ ಪರೀಕ್ಷೆಯನ್ನು ಬಳಸುತ್ತಿದೆ.

ಇದರಿಂದ ವ್ಯಾಪಾರಿಯು ಗ್ರಹಿಸಬೇಕಾದ ಅಂಶ ಒಂದೇ. ನಟ್ಟಿನ ಒಳಗೆ ಸ್ಟಡ್ಡಿನ ಥ್ರೆಡ್ ಸಾಕಷ್ಟು ಸುತ್ತು ಹಿಡಿದಿದ್ದರೆ ಮಾತ್ರ ಈ 4.2 ಟನ್ ಎಳೆತವನ್ನು ಅದು ತಾಳಬಲ್ಲದು. ಎರಡು ಮೂರು ಸುತ್ತಿನ ಮೇಲೆ ಅಷ್ಟು ಭಾರ ಬಿದ್ದರೆ ಥ್ರೆಡ್ ಸವೆದು ಕಿತ್ತು ಬರುವುದು ನಿಶ್ಚಿತ.

ಉದ್ದ ಏಕೆ ಸಾಲದಾಗುತ್ತದೆ?

ಕಾರಿನೊಂದಿಗೆ ಬರುವ ಉಕ್ಕಿನ ಗಾಲಿಯು ತೆಳುವಾದ ತಗಡಿನಿಂದ ಒತ್ತಿ ತಯಾರಿಸಿದ್ದು. ನಟ್ ಕೂಡುವ ಸ್ಥಳದಲ್ಲಿ ಅದರ ದಪ್ಪ ಕೆಲವೇ ಮಿಲಿಮೀಟರ್. ಅಲಾಯ್ ಗಾಲಿಯು ಅಲ್ಯುಮಿನಿಯಂ ಮಿಶ್ರಲೋಹದ ಎರಕ. ಅಲ್ಯುಮಿನಿಯಂ ಉಕ್ಕಿಗಿಂತ ಮೃದುವಾದುದರಿಂದ ಅದೇ ಬಲವನ್ನು ತಡೆಯಲು ಹೆಚ್ಚು ದಪ್ಪ ಬೇಕು. ಈ ಕಾರಣದಿಂದ ನಟ್ಟಿನ ಆಸನವು ಹಬ್ಬಿನಿಂದ ದೂರ ಸರಿಯುತ್ತದೆ ಮತ್ತು ಸ್ಟಡ್ಡಿನ ಉದ್ದದಲ್ಲಿ ಅಷ್ಟು ಭಾಗ ಗಾಲಿಯೊಳಗೇ ಮುಳುಗುತ್ತದೆ. ಕಾರು ತಯಾರಕರೇ ಅಲಾಯ್ ಗಾಲಿ ಕೊಡುವ ಮಾದರಿಗಳಲ್ಲಿ ಇದನ್ನು ಮುಂಚಿತವಾಗಿ ಲೆಕ್ಕ ಹಾಕಿರುತ್ತಾರೆ. ಹೊರಗಿನ ಗಾಲಿ ತಂದಾಗ ಆ ಲೆಕ್ಕವನ್ನು ಅಂಗಡಿಯವರೇ ಹಾಕಬೇಕು.

ಎರಡನೆಯ ಕಾರಣ ಸ್ಪೇಸರ್. ಗಾಲಿಯ ಒಳಬದಿ ಬ್ರೇಕಿಗೋ ಸಸ್ಪೆನ್ಷನ್ ಭಾಗಕ್ಕೋ ತಾಗುವುದನ್ನು ತಪ್ಪಿಸಲು, ಇಲ್ಲವೆ ಗಾಲಿ ಹೊರಗೆ ಚಾಚಿ ಕಾಣಲೆಂದು, ಹಬ್ಬು ಮತ್ತು ಗಾಲಿಯ ನಡುವೆ 3, 5 ಅಥವಾ 10 ಮಿ.ಮೀ. ದಪ್ಪದ ಬಿಲ್ಲೆಯನ್ನು ಇಡುವ ರೂಢಿಯಿದೆ. ಸ್ಟಡ್ ಬದಲಿಸದೆ ಇಟ್ಟ ಸ್ಪೇಸರ್ ತನ್ನ ದಪ್ಪದಷ್ಟು ಥ್ರೆಡ್ಡನ್ನು ನುಂಗಿಬಿಡುತ್ತದೆ. ಸ್ಪೇಸರನ್ನು ಮಾರಿ ಸ್ಟಡ್ಡನ್ನು ಮರೆಯುವುದೆಂದರೆ ಗ್ರಾಹಕನಿಗೆ ಅರ್ಧ ಸಾಮಾನು ಕೊಟ್ಟಂತೆ. ಸ್ವಂತ ಸ್ಟಡ್‌ಗಳುಳ್ಳ, ಹಬ್ಬಿಗೆ ನಟ್ಟಿನಿಂದ ಬಿಗಿಯುವ ದಪ್ಪ ಸ್ಪೇಸರುಗಳೂ ಇವೆ. ಅವುಗಳಲ್ಲಿ ಜೋಡಣೆ ಎರಡಾಗುವುದರಿಂದ ಬಿಗಿತವನ್ನೂ ಎರಡು ಕಡೆ ಪರೀಕ್ಷಿಸಬೇಕು. ಗಾಲಿ ಹೊರಗೆ ಸರಿದಷ್ಟೂ ಬೇರಿಂಗ್ ಮೇಲಿನ ಭಾರ ಹೆಚ್ಚುತ್ತದೆ ಎಂಬುದನ್ನೂ ಗ್ರಾಹಕನಿಗೆ ಹೇಳುವುದು ನ್ಯಾಯ.

ಎಷ್ಟು ಸುತ್ತು ಸಾಕು?

ಉಕ್ಕಿನ ನಟ್ಟು ಮತ್ತು ಉಕ್ಕಿನ ಸ್ಟಡ್ಡಿಗೆ ಸರಳ ನಿಯಮವೊಂದಿದೆ. ಹಿಡಿತದ ಉದ್ದವು ಸ್ಟಡ್ಡಿನ ವ್ಯಾಸಕ್ಕಿಂತ ಕಡಿಮೆಯಿರಬಾರದು. ಅಮೆರಿಕದಲ್ಲಿ ಡ್ರ್ಯಾಗ್ ರೇಸಿಂಗ್ ನಡೆಸುವ ಎನ್.ಎಚ್.ಆರ್.ಎ. ಸಂಸ್ಥೆಯೂ ತನ್ನ ಸ್ಪರ್ಧಿಗಳಿಗೆ ಇದೇ ನಿಯಮವನ್ನು ವಿಧಿಸಿದೆ. ಅಂದರೆ 12 ಮಿ.ಮೀ. ಸ್ಟಡ್ಡಿಗೆ ಕನಿಷ್ಠ 12 ಮಿ.ಮೀ. ಹಿಡಿತ.

ಇದನ್ನು ಅಳೆಯಲು ದೊಡ್ಡ ಉಪಕರಣ ಬೇಡ, ಸುತ್ತು ಎಣಿಸಿದರೆ ಸಾಕು. ಗಾಲಿಯನ್ನು ಹಬ್ಬಿನ ಮೇಲೆ ಸರಿಯಾಗಿ ಕೂಡಿಸಿ, ನಟ್ಟನ್ನು ಕೈಯಿಂದಲೇ ತಿರುಗಿಸುತ್ತ, ಥ್ರೆಡ್ ಹಿಡಿದಾಗಿನಿಂದ ನಟ್ಟು ಆಸನಕ್ಕೆ ತಾಗುವವರೆಗೆ ಎಷ್ಟು ಪೂರ್ಣ ಸುತ್ತಾಯಿತೆಂದು ಲೆಕ್ಕ ಹಾಕಬೇಕು. ಪ್ರತಿ ಸುತ್ತಿಗೆ ನಟ್ಟು ಒಂದು ಪಿಚ್ಚಿನಷ್ಟು ಮುಂದೆ ಸರಿಯುತ್ತದೆ. ಆದುದರಿಂದ:

ಎಂ-12, 1.25 ಮಿ.ಮೀ. ಪಿಚ್ (ಸುಜುಕಿ ಕಾರುಗಳು): ಸುಮಾರು 10 ಸುತ್ತು.

ಎಂ-12, 1.5 ಮಿ.ಮೀ. ಪಿಚ್ (ಟೊಯೋಟಾ, ಹೋಂಡಾ, ಹ್ಯುಂಡೈ ಕಾರುಗಳಲ್ಲಿ ಸಾಮಾನ್ಯ): 8 ಸುತ್ತು.

ಎಂ-14, 1.5 ಮಿ.ಮೀ. ಪಿಚ್: ಒಂಬತ್ತೂವರೆ ಸುತ್ತು.

ಅರ್ಧ ಇಂಚು, ಇಂಚಿಗೆ 20 ಎಳೆ (ಹಳೆಯ ಜೀಪು ಪರಂಪರೆಯ ವಾಹನಗಳು): 10 ಸುತ್ತು.

ಸುಜುಕಿಯ ಸ್ಟಡ್ಡಿಗೆ 1.5 ಪಿಚ್ಚಿನ ನಟ್ಟು ಮೊದಲ ಒಂದೆರಡು ಸುತ್ತು ಹತ್ತಿ ಬಿಗಿಯಾದಂತೆ ತೋರುವುದುಂಟು. ಅದನ್ನು ಪಾನಾ ಹಾಕಿ ಬಲವಂತದಿಂದ ತಿರುಗಿಸಿದರೆ ನಟ್ಟು, ಸ್ಟಡ್ಡು ಎರಡೂ ಹಾಳು. ಅಂಗಡಿಯ ಡಬ್ಬಿಗಳಲ್ಲಿ ಈ ಎರಡು ಪಿಚ್ಚಿನ ನಟ್ಟುಗಳು ಬೆರೆಯದಂತೆ ನೋಡಿಕೊಳ್ಳಬೇಕು. ಕೆಲವು ಹಳೆಯ ಜೀಪುಗಳ ಎಡಬದಿಯ ಗಾಲಿಗಳಿಗೆ ಎಡಗೈ ಥ್ರೆಡ್ ಇರುವುದನ್ನೂ ಹೊಸ ಕೆಲಸಗಾರರಿಗೆ ತಿಳಿಸಿಕೊಡಬೇಕು.

ಒಂದು ಲೆಕ್ಕದ ಉದಾಹರಣೆ

ಎಂ-12, 1.25 ಪಿಚ್ಚಿನ ಸ್ಟಡ್ ಬ್ರೇಕ್ ಡ್ರಮ್ಮಿನ ಮುಖದಿಂದ 26 ಮಿ.ಮೀ. ಹೊರಗೆ ಚಾಚಿದೆ ಎಂದು ಭಾವಿಸೋಣ. ಹೊಸ ಅಲಾಯ್ ಗಾಲಿಯಲ್ಲಿ, ಡ್ರಮ್ಮಿನ ಮುಖದಿಂದ ನಟ್ಟಿನ ಮೊದಲ ಥ್ರೆಡ್ ಬರುವ ಸ್ಥಳದವರೆಗೆ 11 ಮಿ.ಮೀ. ದೂರವಿದೆ. ಉಳಿದದ್ದು 15. ಸ್ಟಡ್ಡಿನ ತುದಿಯ ಚೂಪಿನಲ್ಲಿ ಪೂರ್ಣ ಥ್ರೆಡ್ ಇಲ್ಲದ ಕಾರಣ 2 ಮಿ.ಮೀ. ಕಳೆದರೆ 13 ಮಿ.ಮೀ. ಹಿಡಿತ ದೊರೆಯುತ್ತದೆ. 12 ಬೇಕಾಗಿರುವಲ್ಲಿ 13 ಇದೆ. ಅಂದರೆ ಇಲ್ಲಿ ಸ್ಟಡ್ ಬದಲಿಸುವ ಅಗತ್ಯವೇ ಇಲ್ಲ. ಉದ್ದನೆಯ ಸ್ಟಡ್ ಎಲ್ಲರಿಗೂ ಬೇಕೆಂದು ಮಾರುವುದೂ ತಪ್ಪೇ.

ಅದೇ ಕಾರಿಗೆ 5 ಮಿ.ಮೀ. ಸ್ಪೇಸರ್ ಸೇರಿಸಿದರೆ ಹಿಡಿತ 8 ಮಿ.ಮೀ.ಗೆ ಇಳಿಯುತ್ತದೆ. ಅದು ಆರು ಸುತ್ತಿಗಿಂತ ತುಸು ಹೆಚ್ಚು ಮಾತ್ರ, ಸಾಲದು. ಬೇಕಾದ ಚಾಚು ಹೀಗೆ: ಗಾಲಿಗೆ 11, ಸ್ಪೇಸರಿಗೆ 5, ಹಿಡಿತಕ್ಕೆ 12, ತುದಿಗೆ 2, ಒಟ್ಟು 30 ಮಿ.ಮೀ. ಇರುವುದು 26. ಆದ್ದರಿಂದ ಕನಿಷ್ಠ 4 ಮಿ.ಮೀ. ಹೆಚ್ಚು ಉದ್ದದ ಸ್ಟಡ್ ಬೇಕು. ಪೇಟೆಯಲ್ಲಿ 5 ಅಥವಾ 10 ಮಿ.ಮೀ. ಹೆಚ್ಚಿನದು ಸಿಕ್ಕರೆ ಕೆಲಸ ಸಾಗುತ್ತದೆ.

ಹೆಚ್ಚು ಉದ್ದವಾದಷ್ಟೂ ಒಳ್ಳೆಯದೆಂದು 20 ಮಿ.ಮೀ. ಹೆಚ್ಚಿನ ಸ್ಟಡ್ ಹಾಕಿದರೆ ಏನಾಗುತ್ತದೆ? ಚಾಚು 46 ಆಗಿ, ಗಾಲಿ ಮತ್ತು ಸ್ಪೇಸರಿನ 16 ಕಳೆದು ನಟ್ಟಿನೊಳಗೆ 30 ಮಿ.ಮೀ. ಹೋಗಬೇಕಾಗುತ್ತದೆ. ಅಲಾಯ್ ಗಾಲಿಗೆ ಬಳಸುವ ಹೊಳಪಿನ ನಟ್ಟುಗಳು ಬಹುಮಟ್ಟಿಗೆ ತುದಿ ಮುಚ್ಚಿದವು. ಅದರ ಒಳ ಆಳ 24 ಮಿ.ಮೀ. ಇದ್ದರೆ, ನಟ್ಟು ಗಾಲಿಯನ್ನು ಒತ್ತುವ ಮೊದಲೇ ಸ್ಟಡ್ಡಿನ ತುದಿ ಅದರ ತಲೆಗೆ ಬಡಿಯುತ್ತದೆ. ಪಾನಾ ಬಿಗಿಯಾದಂತೆ ತೋರುತ್ತದೆ, ಟಾರ್ಕ್ ಪಾನಾ 'ಟಕ್' ಎಂದು ಸದ್ದನ್ನೂ ಮಾಡುತ್ತದೆ, ಆದರೆ ಗಾಲಿಯ ಮೇಲೆ ಒತ್ತಡವೇ ಇಲ್ಲ. ಗಿಡ್ಡ ಸ್ಟಡ್ಡಿಗಿಂತ ಇದು ಹೆಚ್ಚು ಅಪಾಯಕಾರಿ, ಏಕೆಂದರೆ ತಪ್ಪು ಹೊರಗೆ ಕಾಣುವುದಿಲ್ಲ. ಇದನ್ನು ತಪ್ಪಿಸಲು ಗಾಲಿ ಇಡುವ ಮುನ್ನ ಬರಿಯ ಸ್ಟಡ್ಡಿಗೆ ನಟ್ಟನ್ನು ಕೈಯಿಂದ ಹಾಕಿ, ತಳ ತಾಗುವವರೆಗೆ ಎಷ್ಟು ಸುತ್ತು ಹೋಗುತ್ತದೆಂದು ನೋಡಿಕೊಳ್ಳಬೇಕು. ಗಾಲಿ ಇಟ್ಟ ಮೇಲೆ ಆಗುವ ಸುತ್ತು ಅದಕ್ಕಿಂತ ಕೆಲವಾದರೂ ಕಡಿಮೆ ಇರಬೇಕು. ಇಲ್ಲದಿದ್ದರೆ ತುದಿ ತೆರೆದ ನಟ್ಟನ್ನು ಬಳಸಬೇಕು.

ಉದ್ದವಲ್ಲದೆ ಹೊಂದಬೇಕಾದ ಅಳತೆಗಳು

ಸ್ಟಡ್ಡನ್ನು ಉದ್ದವೊಂದನ್ನೇ ಹೇಳಿ ತರಿಸುವುದು ಸರಿಯಲ್ಲ. ಥ್ರೆಡ್ಡಿನ ವ್ಯಾಸ ಮತ್ತು ಪಿಚ್, ಹಲ್ಲುಗೀರಿನ ಅಂದರೆ ನರ್ಲಿಂಗ್ ಭಾಗದ ವ್ಯಾಸ, ಆ ಭಾಗದ ಉದ್ದ, ತಲೆಯ ಕೆಳಗಿನಿಂದ ಒಟ್ಟು ಉದ್ದ ಹಾಗೂ ತಲೆಯ ಆಕಾರ ಮತ್ತು ದಪ್ಪ, ಇವೆಲ್ಲವೂ ಹಳೆಯ ಸ್ಟಡ್ಡಿನೊಡನೆ ತಾಳೆಯಾಗಬೇಕು.

ನರ್ಲಿಂಗ್ ಭಾಗವು ಹಬ್ಬಿನ ರಂಧ್ರಕ್ಕಿಂತ ಮಿಲಿಮೀಟರಿನ ಕೆಲವೇ ಹತ್ತನೆಯ ಭಾಗಗಳಷ್ಟು ದೊಡ್ಡದಾಗಿದ್ದು, ಪ್ರೆಸ್ಸಿನಲ್ಲಿ ಒತ್ತಿದಾಗ ಕಚ್ಚಿ ಕೂಡುತ್ತದೆ. ಅದು ಚಿಕ್ಕದಾದರೆ ನಟ್ಟು ತಿರುಗಿಸುವಾಗ ಸ್ಟಡ್ಡೂ ಜೊತೆಗೆ ತಿರುಗುತ್ತದೆ. ದೊಡ್ಡದಾದರೆ ಹಬ್ಬಿನ ಫ್ಲ್ಯಾಂಜ್ ಬಿರುಕು ಬಿಡಬಹುದು. ತಿರುಗುವ ಸ್ಟಡ್ಡಿಗೆ ಹಿಂದಿನಿಂದ ವೆಲ್ಡಿಂಗ್ ಹಾಕಿ ನಿಲ್ಲಿಸುವ ಪದ್ಧತಿಯನ್ನು ಕೂಡಲೇ ಬಿಡಬೇಕು. ಹದಗೊಳಿಸಿದ ಉಕ್ಕಿಗೆ ವೆಲ್ಡಿಂಗಿನ ಶಾಖ ತಗುಲಿದರೆ ಆ ಜಾಗ ಗಾಜಿನಂತೆ ಪೆಡಸಾಗುತ್ತದೆ.

ತಲೆ ದಪ್ಪವಾದರೆ ಒಳಗಿನ ಬ್ರೇಕ್ ಭಾಗಗಳಿಗೆ ಉಜ್ಜಬಹುದು. ಹೊಸ ಸ್ಟಡ್ ಕೂಡಿಸಿದ ಮೇಲೆ ಹಬ್ಬನ್ನು ಕೈಯಿಂದ ಒಂದು ಪೂರ್ಣ ಸುತ್ತು ತಿರುಗಿಸಿ ನೋಡುವುದು ಕಡ್ಡಾಯ. ಸ್ಟಡ್ ಕೂಡಿಸಲು ಪ್ರೆಸ್ ಬಳಸಬೇಕು. ಸುತ್ತಿಗೆಯ ಪೆಟ್ಟು ಬೇರಿಂಗಿಗೆ ಹೋಗುತ್ತದೆ. ಮುಂದಿನ ಹಬ್ಬನ್ನು ಬಿಚ್ಚಬೇಕಾದ ಮಾದರಿಗಳಲ್ಲಿ ಬೇರಿಂಗನ್ನೂ ಬದಲಿಸಬೇಕಾಗಬಹುದು. ಆ ಖರ್ಚನ್ನು ಗ್ರಾಹಕನಿಗೆ ಮೊದಲೇ ತಿಳಿಸಿದರೆ ಕೊನೆಯಲ್ಲಿ ವಾದಕ್ಕೆ ಆಸ್ಪದವಿರದು.

ನಟ್ಟಿನ ಆಸನದ ಆಕಾರವೂ ಅಷ್ಟೇ ಮುಖ್ಯ. ಹೊರಗಿನ ಅಲಾಯ್ ಗಾಲಿಗಳಲ್ಲಿ ಸಾಮಾನ್ಯವಾಗಿ 60 ಅಂಶದ ಶಂಕುವಿನ ಆಸನವಿರುತ್ತದೆ. ಹೋಂಡಾದ ಮೂಲ ನಟ್ಟು ಗುಂಡನೆಯ ಆಸನದ್ದು. ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾ ಕಾರುಗಳಲ್ಲಿ ಸ್ಟಡ್ಡೇ ಇಲ್ಲ. ಅಲ್ಲಿ ಎಂ-14 ಬೋಲ್ಟು, ಅದೂ ಗುಂಡನೆಯ ಆಸನದ್ದು. ಗುಂಡನೆಯ ನಟ್ಟನ್ನು ಶಂಕುವಿನ ಆಸನದಲ್ಲಿ ಹಾಕಿದರೆ ಅದು ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಗಿ, ಅಲ್ಯುಮಿನಿಯಂ ತಗ್ಗಿ, ಕೆಲವೇ ದಿನಗಳಲ್ಲಿ ಬಿಗಿತ ಹೋಗುತ್ತದೆ. ಬೋಲ್ಟಿನ ಕಾರುಗಳಿಗೆ ಅತಿ ಉದ್ದದ ಬೋಲ್ಟು ಹಾಕಿದರೆ ಅದರ ತುದಿ ಹಬ್ಬಿನ ಹಿಂಬದಿಯಲ್ಲಿ ಬ್ರೇಕ್ ಅಥವಾ ಸೆನ್ಸರ್ ಭಾಗಗಳಿಗೆ ಬಡಿಯುವ ಭಯವಿದೆ.

ಗಾಲಿಯ ನಡುರಂಧ್ರವನ್ನೂ ಮರೆಯಬಾರದು. ಸುಜುಕಿಯ ಅನೇಕ ಮಾದರಿಗಳ ಹಬ್ಬಿನ ವ್ಯಾಸ 54.1 ಮಿ.ಮೀ. ಎಲ್ಲ ಕಾರಿಗೂ ಹೊಂದಲೆಂದು ಮಾಡಿದ ಅಲಾಯ್ ಗಾಲಿಯ ನಡುರಂಧ್ರ 67.1 ಅಥವಾ 73.1 ಇರುತ್ತದೆ. ನಡುವಿನ ಸಂದನ್ನು ತುಂಬಲು ಬಳೆ ಹಾಕದಿದ್ದರೆ ಗಾಲಿ ನಟ್ಟ ನಡುವೆ ಕೂಡದೆ ನಡುಗುತ್ತದೆ. ಆ ನಡುಕವೇ ಮುಂದೆ ನಟ್ಟು ಸಡಿಲಾಗಲು ದಾರಿ.

ದರ್ಜೆ ಮತ್ತು ಲೇಥಿನ ಕೆಲಸ

ಸ್ಟಡ್ ಅಥವಾ ಬೋಲ್ಟಿನ ತಲೆಯ ಮೇಲೆ 8.8, 10.9 ಎಂಬ ಅಂಕಿಗಳಿರುತ್ತವೆ. ಭಾರತೀಯ ಮಾನಕ ಐ.ಎಸ್. 1367ರಲ್ಲಿ ಇವುಗಳ ಅರ್ಥವಿದೆ. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಪ್ರತಿ ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಎಳೆತಕ್ಕೆ ಅದು ತುಂಡಾಗುತ್ತದೆಂಬ ಸುಮಾರು ಅಂದಾಜು ಸಿಗುತ್ತದೆ. ಎರಡನೆಯದು ಅದರಲ್ಲಿ ಎಷ್ಟು ಭಾಗದವರೆಗೆ ಅದು ಶಾಶ್ವತವಾಗಿ ಹಿಗ್ಗದೆ ತಾಳುತ್ತದೆಂಬುದನ್ನು ಹೇಳುತ್ತದೆ. 10.9 ಎಂದರೆ ಸಾವಿರ ನ್ಯೂಟನ್, ಅದರ ಶೇ. 90.

ಎಂ-12, 1.5 ಪಿಚ್ಚಿನ ಸ್ಟಡ್ಡಿನಲ್ಲಿ ಬಲ ತಾಳುವ ಅಡ್ಡಕೊಯ್ತ 88 ಚದರ ಮಿ.ಮೀ. 10.9 ದರ್ಜೆಯದು ಸುಮಾರು 73 ಕಿಲೋನ್ಯೂಟನ್‌ವರೆಗೆ, 8.8 ದರ್ಜೆಯದು ಸುಮಾರು 51ರವರೆಗೆ ಹಿಗ್ಗದೆ ನಿಲ್ಲುತ್ತದೆ. ಗಾಲಿಗೆ ಬೇಕಾದದ್ದು 42. ಇಲ್ಲಿ 10.9 ದರ್ಜೆ ಕೊಡುವ ಉಳಿಕೆಯೇ ಸುರಕ್ಷತೆ.

ಈಗ ಸ್ಥಳೀಯ ಲೇಥಿನಲ್ಲಿ ಸಾದಾ ಮೃದು ಉಕ್ಕಿನ ಸಲಾಕೆಯಿಂದ ಕಡೆದ ಸ್ಟಡ್ಡನ್ನು ನೋಡೋಣ. ಅಂತಹ ಉಕ್ಕು ಪ್ರತಿ ಚದರ ಮಿ.ಮೀ.ಗೆ ಸುಮಾರು 250 ನ್ಯೂಟನ್ನಿಗೆ ಹಿಗ್ಗತೊಡಗುತ್ತದೆ. ಅದೇ ಅಳತೆಯ ಸ್ಟಡ್ಡಿಗೆ ಅದು 22 ಕಿಲೋನ್ಯೂಟನ್. ಅಂದರೆ ಪಾನಾದ ಬಲ ಸುಮಾರು 53 ನ್ಯೂಟನ್-ಮೀಟರ್ ತಲುಪುವಷ್ಟರಲ್ಲಿಯೇ, ಬೇಕಾದ ಬಿಗಿತದ ಅರ್ಧ ದಾರಿಯಲ್ಲಿಯೇ, ಸ್ಟಡ್ ಎಳೆದ ದಾರದಂತೆ ಉದ್ದವಾಗತೊಡಗುತ್ತದೆ. ಎತ್ತಿನ ಗಾಡಿಯ ಕೀಲಿಗೂ ಟ್ರೇಲರಿನ ಪಿನ್ನಿಗೂ ಒಪ್ಪುವ ಕೆಲಸ ಕಾರಿನ ಗಾಲಿಗೆ ಒಪ್ಪದು. ಈ.ಎನ್.-8 ಸಲಾಕೆಯನ್ನು ಹದಗೊಳಿಸದೆ ಬಳಸಿದರೂ 10.9 ದರ್ಜೆ ಬಾರದು.

ಸ್ಟಡ್ ತಯಾರಿಸುವ ಆಸೆಯುಳ್ಳ ಸಣ್ಣ ಕಾರಖಾನೆದಾರರು ಈ ಕ್ರಮಗಳನ್ನು ತಿಳಿದಿರಬೇಕು. ಕಚ್ಚಾ ಮಾಲು ಮಧ್ಯಮ ಇಂಗಾಲದ ಮಿಶ್ರ ಉಕ್ಕು ಅಥವಾ ಬೋರಾನ್ ಉಕ್ಕಾಗಿರಬೇಕು. ತಲೆಯನ್ನು ತಣ್ಣಗಿನ ಒತ್ತುವಿಕೆಯಿಂದ ರೂಪಿಸಿ, ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದವಾಗಿ ಕಾಯಿಸಬೇಕು. ಥ್ರೆಡ್ಡನ್ನು ಕತ್ತರಿಸುವ ಬದಲು ಉರುಳಿಸಿ ಒತ್ತಿ ಮೂಡಿಸಬೇಕು. ಒತ್ತಿದ ಥ್ರೆಡ್ಡಿನಲ್ಲಿ ಲೋಹದ ಎಳೆಗಳು ಕಡಿಯದೆ ಬಾಗಿರುತ್ತವೆ, ಆದುದರಿಂದ ಮೇಲಿಂದ ಮೇಲೆ ಬೀಳುವ ಬಲಕ್ಕೆ ಅದು ಹೆಚ್ಚು ಕಾಲ ಬಾಳುತ್ತದೆ. 10.9 ದರ್ಜೆಯ ಗಡಸು ರಾಕ್‌ವೆಲ್ ಸಿ ಮಾನದಲ್ಲಿ 32ರಿಂದ 39ರ ನಡುವೆ ಇರಬೇಕು. ಮಾಲನ್ನು ಎಳೆತದ ಯಂತ್ರದಲ್ಲಿ ಪರೀಕ್ಷಿಸಿ ವರದಿ ಇಡಬೇಕು.

ಗಡಸು ಹೆಚ್ಚಿಸಿ 12.9 ಮಾಡಿದರೆ ಇನ್ನೂ ಒಳ್ಳೆಯದಲ್ಲವೇ ಎಂಬ ಪ್ರಶ್ನೆ ಸಹಜ. ಉಕ್ಕು ಗಡಸಾದಷ್ಟೂ ಆಮ್ಲದಲ್ಲಿ ತೊಳೆದು ವಿದ್ಯುತ್ತಿನಿಂದ ಸತುವಿನ ಲೇಪ ಕೊಡುವಾಗ ಒಳನುಗ್ಗುವ ಜಲಜನಕದಿಂದ ಪೆಡಸಾಗುವ ಭಯ ಹೆಚ್ಚು. ಇಂತಹ ಸ್ಟಡ್ ಬಿಗಿದ ದಿನ ಸರಿಯಾಗಿದ್ದು, ಮರುದಿನ ನಿಂತಲ್ಲಿಯೇ ತಲೆ ಹಾರಿಸಿಕೊಳ್ಳಬಹುದು. ಲೇಪವಾದ ಕೂಡಲೇ ಸುಮಾರು 200 ಅಂಶ ಸೆಲ್ಸಿಯಸ್ ಶಾಖದಲ್ಲಿ ಹಲವು ತಾಸು ಬೇಯಿಸಿದರೆ ಜಲಜನಕ ಹೊರಹೋಗುತ್ತದೆ. ಆ ಸೌಲಭ್ಯವಿಲ್ಲದ ಲೇಪದ ಘಟಕಕ್ಕೆ ಗಡಸು ಮಾಲನ್ನು ಕೊಡುವುದು ತರವಲ್ಲ. ಸತುವಿನ ಪದರುಗಳ ಲೇಪವು ವಿದ್ಯುತ್ತಿಲ್ಲದೆ ಆಗುವುದರಿಂದ ಅದು ಈ ದೋಷದಿಂದ ದೂರ.

ಇಷ್ಟೆಲ್ಲ ಯಂತ್ರಸಾಮಗ್ರಿ ಒಂದು ತಾಲೂಕು ಕೇಂದ್ರದ ವರ್ಕ್‌ಶಾಪಿಗೆ ನಿಲುಕದು. ಚೆನ್ನೈನ ಪಾಡಿಯಲ್ಲಿ 1966ರಿಂದ ನಡೆಯುತ್ತಿರುವ ಸುಂದರಂ ಫಾಸ್ಟನರ್ಸ್‌ನಂತಹ ಕಾರಖಾನೆಗಳು, ಲುಧಿಯಾನಾ ಮತ್ತು ರೋಹ್ಟಕ್ಕಿನ ಘಟಕಗಳು ಇದೇ ಕಸುಬಿನಲ್ಲಿ ದಶಕಗಳಿಂದ ತೊಡಗಿವೆ. ಆದರೆ ನಮ್ಮ ಲೇಥಿನವರಿಗೆ ಕೆಲಸವೇ ಇಲ್ಲವೆಂದು ಇದರ ಅರ್ಥವಲ್ಲ. ನಡುರಂಧ್ರದ ಬಳೆಗಳನ್ನು ಅಲ್ಯುಮಿನಿಯಂ ಅಥವಾ ಗಟ್ಟಿ ನೈಲಾನಿನಲ್ಲಿ ನಿಖರವಾಗಿ ಕಡೆಯುವುದು, ಸ್ಟಡ್ ಒತ್ತಲು ಮಾದರಿಗೊಂದರಂತೆ ಆಧಾರದ ಬಿಲ್ಲೆಗಳನ್ನು ಮಾಡುವುದು, ನಟ್ಟಿನ ಆಳ ಅಳೆಯುವ ಗೇಜು ಮಾಡುವುದು, ಪ್ರೆಸ್ ಇಟ್ಟು ಸುತ್ತಲಿನ ಅಂಗಡಿಗಳಿಗೆ ಸ್ಟಡ್ ಕೂಡಿಸಿಕೊಡುವುದು, ಇವೆಲ್ಲ ಇಲ್ಲಿಯೇ ಆಗಬಲ್ಲ, ಆದಾಯವುಳ್ಳ ಕೆಲಸಗಳು. ಮಿಲಿಮೀಟರಿನ ಹತ್ತನೆಯ ಭಾಗವನ್ನು ಕಾಯ್ದುಕೊಳ್ಳುವ ಲೇಥಿನವನಿಗೆ ಬಳೆಯ ವ್ಯಾಪಾರದಲ್ಲಿ ದೂರದ ಪೇಟೆ ಪೈಪೋಟಿ ಕೊಡಲಾರದು, ಏಕೆಂದರೆ ಗಾಲಿ ಮತ್ತು ಹಬ್ಬು ಎರಡೂ ಅವನ ಎದುರಿಗೇ ಇರುತ್ತವೆ.

ಬಿಗಿಯುವ ಕ್ರಮ

ಸರಿಯಾದ ಸ್ಟಡ್ ತಂದರೂ ಬಿಗಿಯುವಲ್ಲಿ ತಪ್ಪಿದರೆ ಫಲವಿಲ್ಲ. ನಾಲ್ಕು ಅಡಿ ಪೈಪು ಸೇರಿಸಿ ಅದರ ಮೇಲೆ ನಿಲ್ಲುವ ರೂಢಿ ಲಾರಿಯ ಕಾಲದ್ದು. 60 ಕಿಲೋ ತೂಕದ ಕೆಲಸಗಾರ ಒಂದು ಮೀಟರ್ ಪೈಪಿನ ತುದಿಗೆ ನಿಂತರೆ ಬೀಳುವ ಬಲ ಸುಮಾರು 590 ನ್ಯೂಟನ್-ಮೀಟರ್, ಬೇಕಾದುದರ ಆರು ಪಟ್ಟಿನಷ್ಟು. ಎಂ-12 ಸ್ಟಡ್ ಯಾವ ದರ್ಜೆಯದೇ ಇರಲಿ, ಇದಕ್ಕೆ ನಿಲ್ಲದು. ಬಹುತೇಕ ಕಾರು ತಯಾರಕರು ಎಂ-12ಕ್ಕೆ ಸೂಚಿಸುವುದು 85ರಿಂದ 110ರ ಒಳಗಿನ ಅಂಕಿ. ಮಾದರಿಯ ಕೈಪಿಡಿಯಲ್ಲಿರುವುದೇ ಅಂತಿಮ.

ಥ್ರೆಡ್ಡಿಗೆ ಎಣ್ಣೆ ಹಚ್ಚುವ ಅಭ್ಯಾಸವೂ ಅಪಾಯಕಾರಿ. ಕೈಪಿಡಿಯ ಅಂಕಿ ಸಾಮಾನ್ಯವಾಗಿ ಒಣ ಥ್ರೆಡ್ಡಿನದು. ಎಣ್ಣೆಯಿಂದ ಘರ್ಷಣೆ ಕಾಲು ಭಾಗ ಕಡಿಮೆಯಾದರೆ ಅದೇ ಪಾನಾದ ಬಲಕ್ಕೆ ಎಳೆತ 42ರಿಂದ 56 ಕಿಲೋನ್ಯೂಟನ್ನಿಗೆ ಏರುತ್ತದೆ. 8.8 ದರ್ಜೆಯ ಮಿತಿ 51 ಎಂಬುದನ್ನು ಮೇಲೆ ನೋಡಿದ್ದೇವೆ.

ಗಾಲಿ ಇಡುವ ಮುನ್ನ ಹಬ್ಬಿನ ಮುಖದ ಮೇಲಿನ ತುಕ್ಕು ಮತ್ತು ಎರೆಮಣ್ಣಿನ ಪದರವನ್ನು ತಂತಿಯ ಬ್ರಷ್ಷಿನಿಂದ ತೆಗೆಯಬೇಕು. ಆ ಪದರ ನಾಲ್ಕು ದಿನದಲ್ಲಿ ಪುಡಿಯಾಗಿ ಉದುರಿದರೆ ಅಷ್ಟೇ ಸಂದು ಉಳಿದು ಬಿಗಿತ ಇಳಿಯುತ್ತದೆ. ಗಾಲಿಯ ಕೂಡುಮುಖಕ್ಕೆ ದಪ್ಪ ಬಣ್ಣ ಬಳಿದರೂ ಇದೇ ಫಲ. ನಟ್ಟುಗಳನ್ನು ಮೊದಲು ಕೈಯಿಂದ ಹಾಕಿ, ಎದುರುಬದುರಾಗಿ ಎರಡು ಹಂತಗಳಲ್ಲಿ ಬಿಗಿದು, ಕೊನೆಗೆ ಟಾರ್ಕ್ ಪಾನಾದಿಂದ ಮುಗಿಸಬೇಕು. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಇಂಡಿಯಿಂದ ವಿಜಯಪುರಕ್ಕೆ ಹೋಗಿ ಬಂದರೆ ಈ ದೂರ ಮುಗಿಯುತ್ತದೆ. ಗ್ರಾಹಕನನ್ನು ಆ ಒಂದು ಸಲ ಮರಳಿ ಕರೆಸುವ ಅಂಗಡಿಯೇ ಜವಾಬ್ದಾರಿಯ ಅಂಗಡಿ.

ಕಾಯ್ದೆ ಮತ್ತು ಕರ

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ಮೂಲದಲ್ಲಿ ಸೂಚಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182-ಎ ಕಲಮಿನಂತೆ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಇಲ್ಲವೆ ಎರಡನ್ನೂ ವಿಧಿಸಬಹುದು. ಆದ್ದರಿಂದ ಆಯಾ ಮಾದರಿಗೆ ತಯಾರಕರೇ ಒಪ್ಪಿದ ಗಾಲಿ ಮತ್ತು ಟೈರಿನ ಅಳತೆಯ ಒಳಗೆ ಇರುವುದು ಎಲ್ಲರಿಗೂ ಕ್ಷೇಮ.

ವ್ಯಾಪಾರಿಗಳಿಗೆ ಇನ್ನೂ ಹತ್ತಿರದ್ದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಈ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯ ಪ್ರತ್ಯೇಕ ಅಧ್ಯಾಯವಿದೆ. ಮಾರಾಟಗಾರನು ಸಾಮಾನನ್ನು ಮಾರ್ಪಡಿಸಿ, ಆ ಮಾರ್ಪಾಡೇ ಹಾನಿಗೆ ಮುಖ್ಯ ಕಾರಣವಾಗಿದ್ದರೆ, ಅಥವಾ ಜೋಡಣೆ ಮತ್ತು ಪರೀಕ್ಷೆಯಲ್ಲಿ ತಕ್ಕ ಎಚ್ಚರ ವಹಿಸದಿದ್ದರೆ, ಹೊಣೆ ಅವನ ಮೇಲೆಯೇ ಬರುತ್ತದೆ. 'ಕಂಪನಿಯ ಮಾಲು, ನಮ್ಮದೇನಿಲ್ಲ' ಎಂಬ ಉತ್ತರಕ್ಕೆ ಇಲ್ಲಿ ಎಡೆಯಿಲ್ಲ.

ಕರದ ವಿಷಯದಲ್ಲಿ ಅನುಕೂಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಬಿಲ್ಲಿಲ್ಲದೆ ಬರುವ ಗುರುತಿಲ್ಲದ ಮಾಲಿಗೂ ಬಿಲ್ಲಿನ ಮಾಲಿಗೂ ಇದ್ದ ಬೆಲೆಯ ಅಂತರ ಇದರಿಂದ ಕಿರಿದಾಗಿದೆ. ದರ್ಜೆ ಮತ್ತು ತಯಾರಕರ ಗುರುತುಳ್ಳ ಸ್ಟಡ್ಡನ್ನು ಬಿಲ್ಲಿನೊಡನೆ ತರಿಸಿಕೊಂಡರೆ, ನಾಳೆ ಪ್ರಶ್ನೆ ಬಂದಾಗ ತೋರಿಸಲು ಆಧಾರವಿರುತ್ತದೆ.

ಅಂಗಡಿಯಲ್ಲಿ ಅಳವಡಿಸಬಹುದಾದ ಪದ್ಧತಿ

ಇವೆಲ್ಲವನ್ನು ಒಂದು ಚೀಟಿಯಲ್ಲಿ ಅಡಕಗೊಳಿಸಬಹುದು. ವಾಹನದ ಮಾದರಿ, ಥ್ರೆಡ್ಡಿನ ಅಳತೆ, ಗಾಲಿ ಇಟ್ಟಾಗ ಎಣಿಸಿದ ಸುತ್ತು, ನಟ್ಟಿನ ಆಳ, ಆಸನದ ಆಕಾರ, ನಡುರಂಧ್ರದ ಬಳೆ ಇದೆಯೇ ಇಲ್ಲವೇ, ಸ್ಟಡ್ ಬದಲಿಸಿದ್ದರೆ ಅದರ ದರ್ಜೆ, ಬಿಗಿದ ಬಲ, ಮರುಪರೀಕ್ಷೆಯ ದಿನಾಂಕ, ಇಷ್ಟನ್ನು ಬರೆದು ಒಂದು ಪ್ರತಿಯನ್ನು ಗ್ರಾಹಕನಿಗೆ ಕೊಟ್ಟು, ಇನ್ನೊಂದನ್ನು ಅಂಗಡಿಯಲ್ಲಿ ಇಟ್ಟುಕೊಳ್ಳಬೇಕು. ಇದಕ್ಕೆ ತಗಲುವ ಸಮಯ ಹತ್ತು ನಿಮಿಷ. ಒಂದು ಒಳ್ಳೆಯ ಟಾರ್ಕ್ ಪಾನಾ, ಒಂದು ವರ್ನಿಯರ್ ಕ್ಯಾಲಿಪರ್, ಎರಡು ಪಿಚ್ಚಿನ ಗೇಜು, ಇವಿಷ್ಟೇ ಬಂಡವಾಳ.

ರೈಲು ಇಲ್ಲದ ಸಿಂದಗಿ, ಮುದ್ದೇಬಿಹಾಳಗಳಿಗೆ ಮಾಲು ರಸ್ತೆಯ ಮೂಲಕವೇ ಬರಬೇಕಾದುದರಿಂದ ಬೇಕಾದ ಉದ್ದದ ಸ್ಟಡ್ ಅದೇ ದಿನ ಕೈಗೆ ಸಿಗದಿರಬಹುದು. ಆಗ ಇದ್ದುದರಲ್ಲಿ ಹೊಂದಿಸಿ ಕಳಿಸುವ ಒತ್ತಡ ಅಂಗಡಿಯವನ ಮೇಲಿರುತ್ತದೆ. ಅಂತಹ ಸಂದರ್ಭದಲ್ಲಿ ಹಳೆಯ ಉಕ್ಕಿನ ಗಾಲಿಯನ್ನೇ ಮರಳಿ ಹಾಕಿ, ಸ್ಟಡ್ ಬಂದ ಮೇಲೆ ಕರೆಯುವುದು ಸರಿಯಾದ ದಾರಿ. ಎರಡು ದಿನದ ತಡಕ್ಕೆ ಗ್ರಾಹಕ ಮುನಿಯಬಹುದು, ಆದರೆ ಕಾರಣವನ್ನು ಸುತ್ತು ಎಣಿಸಿ ತೋರಿಸಿದರೆ ಬಹುಪಾಲು ಜನ ಒಪ್ಪುತ್ತಾರೆ. ನಾಲ್ಕೂ ಪಟ್ಟಣಗಳ ವ್ಯಾಪಾರಿಗಳು ಕೂಡಿ, ಹೆಚ್ಚು ಓಡುವ ಮಾದರಿಗಳಿಗೆ ಬೇಕಾದ 10.9 ದರ್ಜೆಯ ಸ್ಟಡ್‌ಗಳನ್ನು ಒಟ್ಟಾಗಿ ತರಿಸಿ ಹಂಚಿಕೊಂಡರೆ ದಾಸ್ತಾನಿನ ಭಾರವೂ ತಗ್ಗುತ್ತದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಮಾತು ವ್ಯಾಪಾರಕ್ಕೆ ಚೆನ್ನಾಗಿ ಒಪ್ಪುತ್ತದೆ. ಗಾಲಿಯ ಬೆಲೆಯ ಮುಂದೆ ಸ್ಟಡ್ಡಿನ ಬೆಲೆ ಅಡಿಕೆಯಷ್ಟೇ. ಅದನ್ನು ಅಳೆದು, ಎಣಿಸಿ, ಬರೆದು ಕೊಡುವ ಅಂಗಡಿಯ ಹೆಸರು ಒಬ್ಬ ಗ್ರಾಹಕನಿಂದ ಇನ್ನೊಬ್ಬನಿಗೆ ತಾನಾಗಿಯೇ ಹೋಗುತ್ತದೆ.